ಜನಸಂಖ್ಯೆ ಸೊನ್ನೆ: ಒಂದು ಬೇಚರಾಕ್ ಗ್ರಾಮದ ಪ್ರಕರಣ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 29,340 ಹಳ್ಳಿಗಳಿವೆ. ಜನವಸತಿ ಇರುವವು 27,397. ಉಳಿದ 1,943 ಹಳ್ಳಿಗಳಿಗೆ ಹೆಸರಿದೆ, ನಕ್ಷೆಯಿದೆ, ಗಡಿಕಲ್ಲುಗಳಿವೆ, ಜನಗಣತಿಯವರು ಕೊಟ್ಟ ಆರಂಕಿಯ ಸಂಕೇತವೂ ಇದೆ. ಜನರು ಮಾತ್ರ ಇಲ್ಲ. ಕಂದಾಯ ಕಚೇರಿಯಲ್ಲಿ ಇವುಗಳನ್ನು ಬೇಚರಾಕ್ ಗ್ರಾಮ ಎನ್ನುತ್ತಾರೆ. ಹಳ್ಳಿಗಳ ಜನಸಂಖ್ಯೆಯನ್ನು ಅಧ್ಯಯನ ಮಾಡುವವರು ಕೋಷ್ಟಕ ತೆರೆದ ಕೂಡಲೇ ಮಾಡುವ ಮೊದಲ ಕೆಲಸವೆಂದರೆ ಈ ಸೊನ್ನೆಯ ಸಾಲುಗಳನ್ನು ತೆಗೆದುಹಾಕುವುದು. ಸರಾಸರಿ ಕೆಡುತ್ತದೆ ಎಂಬ ಭಯ ಅವರಿಗೆ. ಭಯ ಸುಳ್ಳೂ ಅಲ್ಲ: ರಾಜ್ಯದ ಗ್ರಾಮೀಣ ಜನಸಂಖ್ಯೆ 3,74,69,335ನ್ನು ಎಲ್ಲ ಹಳ್ಳಿಗಳಿಗೂ ಹಂಚಿದರೆ ಹಳ್ಳಿಗೆ ಸುಮಾರು 1,277 ಜನ, ವಸತಿಯಿರುವ ಹಳ್ಳಿಗಳಿಗೆ ಮಾತ್ರ ಹಂಚಿದರೆ 1,368. ಯಾವುದನ್ನು ಹಳ್ಳಿ ಎಂದು ಕರೆಯುತ್ತೇವೆ ಎಂಬುದರ ಮೇಲೆ ತೊಂಬತ್ತು ಜನರ ವ್ಯತ್ಯಾಸ.

ನಾನು ಇಲ್ಲಿ ಬರೆಯುತ್ತಿರುವುದು ತೆಗೆದುಹಾಕಿದ ಅಂಥ ಒಂದು ಸಾಲಿನ ಬಗ್ಗೆ. ಊರು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳು ಕೂಡುವ ಬಯಲುಸೀಮೆಯದು. ಹೆಸರು ಹೇಳುವುದಿಲ್ಲ. ಈಗ ಅಲ್ಲಿರುವ ಕುಟುಂಬಗಳು ಬೆರಳೆಣಿಕೆಯಷ್ಟು. ಊರಿನ ಹೆಸರು ಹೇಳಿದರೆ ಮನೆ ತೋರಿಸಿದಂತೆಯೇ. ‘ಈಗ ಅಲ್ಲಿರುವ ಕುಟುಂಬಗಳು’ ಎಂದೆ. ಜನಸಂಖ್ಯೆ ಸೊನ್ನೆ ಇರುವ ಊರಿನಲ್ಲಿ ಕುಟುಂಬಗಳು ಎಲ್ಲಿಂದ ಬಂದವು? ಈ ಪ್ರಕರಣದ ತಿರುಳು ಅಲ್ಲಿಯೇ ಇದೆ.

ಕಾಗದದಲ್ಲಿ ಕಾಣುವುದು

ಜನಗಣತಿಯ ಪ್ರಾಥಮಿಕ ಸಾರಾಂಶದಲ್ಲಿ ಪ್ರತಿ ಹಳ್ಳಿಗೂ ಒಂದು ಸಾಲು. ಕುಟುಂಬಗಳು, ಒಟ್ಟು ಜನ, ಗಂಡಸರು, ಹೆಂಗಸರು, ಆರು ವರ್ಷದವರೆಗಿನ ಮಕ್ಕಳು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಕ್ಷರಸ್ಥರು, ಸಾಗುವಳಿದಾರರು, ಕೃಷಿ ಕಾರ್ಮಿಕರು ಹೀಗೆ ಕಲಮುಗಳು ಮುಂದುವರಿಯುತ್ತವೆ. ನಮ್ಮ ಊರಿನ ಸಾಲಿನಲ್ಲಿ ಎಲ್ಲ ಕಡೆಯೂ ಸೊನ್ನೆ. ಸಾಗುವಳಿದಾರರ ಕಲಮಿನಲ್ಲಿಯೂ ಸೊನ್ನೆ.

ಅದೇ ಊರಿನ ಪಹಣಿ ತೆರೆದರೆ ಬೇರೆಯೇ ಚಿತ್ರ. ಸರ್ವೆ ನಂಬರ್‌ಗಳು, ಅವುಗಳ ಹಿಸ್ಸೆಗಳು, ಹಿಸ್ಸೆಗೊಬ್ಬ ಖಾತೆದಾರ. ರಾಗಿ, ಶೇಂಗಾ, ಈಚೆಗೆ ಅಡಿಕೆ. ಗೋಮಾಳವಿದೆ, ಕೆರೆ ಅಂಗಳವಿದೆ, ಸ್ಮಶಾನಕ್ಕೆ ಬಿಟ್ಟ ಜಾಗವಿದೆ. ಸತ್ತವರಿಗೂ ಜಾಗ ಕಾದಿರಿಸಿದ ಊರಿನಲ್ಲಿ ಬದುಕಿರುವವರ ಲೆಕ್ಕವಿಲ್ಲ. ನಕ್ಷೆಯ ನಡುವೆ ಗ್ರಾಮಠಾಣಾ ಎಂದು ಬಿಡಿಸಿದ ಒಂದು ತುಂಡು ನೆಲವಿದೆ. ಮನೆಗಳಿರಬೇಕಾದ ಆ ಜಾಗದಲ್ಲಿ ಈಗ ಹುಣಸೆಮರಗಳು, ಜಾಲಿ, ಕುಸಿದ ಒಂದು ಬಾವಿ ಮತ್ತು ಆಂಜನೇಯನ ಗುಡಿ. ಗುಡಿಗೆ ಸುಣ್ಣ ಹೊಸದು.

ಎರಡು ದಾಖಲೆಗಳಲ್ಲಿ ಒಂದು ಸುಳ್ಳು ಹೇಳುತ್ತಿದೆ ಎಂದು ತೀರ್ಮಾನಿಸುವುದು ಸುಲಭ. ಎರಡೂ ತಮ್ಮ ತಮ್ಮ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿವೆ. ಜನಗಣತಿ ಕೇಳುವುದು ಯಾರು ಎಲ್ಲಿ ವಾಸವಿದ್ದಾರೆ ಎಂದು. ಪಹಣಿ ಕೇಳುವುದು ಯಾವ ನೆಲ ಯಾರದು ಎಂದು. ಸಾಗುವಳಿದಾರನನ್ನು ಜನಗಣತಿ ಅವನು ಉಳುವ ಹೊಲದಲ್ಲಿ ಎಣಿಸುವುದಿಲ್ಲ, ಅವನ ಮನೆಯಲ್ಲಿ ಎಣಿಸುತ್ತದೆ. ಪಕ್ಕದ ದೊಡ್ಡ ಊರಿನಲ್ಲಿ ಮಲಗಿ ಎದ್ದು, ಬೆಳಗ್ಗೆ ಎತ್ತು ಹೊಡೆದುಕೊಂಡು ಈ ಊರಿನ ಎಲ್ಲೆಗೆ ಬರುವ ರೈತ ಪಕ್ಕದ ಊರಿನ ಸಾಗುವಳಿದಾರ. ಹಾಗಾಗಿ ಒಂದಿಂಚೂ ಬಿಡದೆ ಉತ್ತ ಊರಿನಲ್ಲಿ ಸಾಗುವಳಿದಾರರು ಸೊನ್ನೆ.

ಜನಗಣತಿಯ ‘ಹಳ್ಳಿ’ ಎಂದರೆ ಮನೆಗಳ ಗುಂಪಲ್ಲ, ಸರ್ವೆ ಆಗಿ ಎಲ್ಲೆ ಗೊತ್ತಾದ ಒಂದು ಕಂದಾಯ ಗ್ರಾಮ. ಒಂದು ಕಂದಾಯ ಗ್ರಾಮದೊಳಗೆ ಮೂಲ ಊರು, ಅದರ ಮಜರೆಗಳು, ಹಟ್ಟಿ, ತಾಂಡಾ, ಕಾಲೊನಿ ಎಲ್ಲವೂ ಇರಬಹುದು, ಸಾಲು ಒಂದೇ. ಅದೇ ನಿಯಮದಿಂದ ಒಂದೂ ಮನೆಯಿಲ್ಲದ ನೆಲಕ್ಕೂ ಒಂದು ಸಾಲು. ‘ನಮ್ಮ ಹಳ್ಳಿಯ ಜನಸಂಖ್ಯೆ ಇಷ್ಟು’ ಎಂದು ಹೇಳುವಾಗ ಈ ವಿಷಯ ತಲೆಯಲ್ಲಿ ಇಲ್ಲದಿದ್ದರೆ ಹೇಳಿದ ಅಂಕಿ ಯಾವುದರದು ಎಂಬುದೇ ತಿಳಿಯುವುದಿಲ್ಲ.

ಜನ ಹೋದದ್ದು ಎಲ್ಲಿಗೆ

ಹಾಳೂರುಗಳ ಬಗ್ಗೆ ಬಯಲುಸೀಮೆಯಲ್ಲಿ ಕಥೆಗಳಿಗೆ ಬರವಿಲ್ಲ. ಶಾಪ, ದೆವ್ವ, ಪಾಳೆಯಗಾರನ ಕೋಪ. ಈ ಊರಿಗೂ ಒಂದು ಶಾಪದ ಕಥೆಯಿದೆ. ಅದನ್ನು ಬದಿಗಿಟ್ಟು ಜನಸಂಖ್ಯೆಯ ಕಣ್ಣಿನಿಂದ ನೋಡಿದರೆ ಹೆಚ್ಚು ಉಪಯೋಗ.

ಮೈಸೂರು ಸಂಸ್ಥಾನದ ಮೊದಲ ಪೂರ್ಣ ಜನಗಣತಿ 1871ರಲ್ಲಿ ನಡೆಯಿತು: 50,55,412 ಜನ. ಹತ್ತು ವರ್ಷದ ನಂತರ, 1881ರಲ್ಲಿ, 41,86,188. ನಡುವೆ 1876ರಿಂದ 1878ರವರೆಗೆ ಧಾತು, ಈಶ್ವರ ಸಂವತ್ಸರಗಳ ಬರ ಬಂದುಹೋಗಿತ್ತು. ಎಂಟು ಲಕ್ಷ ಅರವತ್ತೊಂಬತ್ತು ಸಾವಿರ ಜನ ಕಡಿಮೆ, ಆರರಲ್ಲಿ ಒಬ್ಬರಿಗಿಂತ ಹೆಚ್ಚು. ಇದು ಸಂಸ್ಥಾನದ ಸರಾಸರಿ ಮಾತ್ರ. ಕೆರೆ ಬತ್ತಿದರೆ ಬೇರೆ ಗತಿಯಿಲ್ಲದ ಬಯಲಿನ ಜಿಲ್ಲೆಗಳಿಗೆ ಬಿದ್ದ ಪೆಟ್ಟು ಮಲೆನಾಡಿಗೆ ಬಿದ್ದದ್ದಕ್ಕಿಂತ ಬಹಳ ದೊಡ್ಡದು. ಆಮೇಲೆ 1898ರಲ್ಲಿ ಪ್ಲೇಗು ಬಂತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು ಆ ಕಾಲದಲ್ಲಿ ಬದುಕುವ ಕ್ರಮವೇ ಆಯಿತು. ಪ್ಲೇಗಿನಮ್ಮನ ಗುಡಿಗಳು ಇಂದಿಗೂ ಎಷ್ಟೋ ಊರುಗಳಲ್ಲಿ ಪೂಜೆ ಪಡೆಯುತ್ತಿವೆ. 1918ರ ಇನ್‌ಫ್ಲುಯೆಂಜಾ ಉಳಿದದ್ದನ್ನು ಮಾಡಿತು. 1911ರಿಂದ 1921ರ ದಶಕದಲ್ಲಿ ಇಡೀ ದೇಶದ ಜನಸಂಖ್ಯೆಯೇ ತುಸು ಇಳಿಯಿತು. ನಮ್ಮ ಜನಗಣತಿ ಚರಿತ್ರೆಯಲ್ಲಿ ಹಾಗಾದದ್ದು ಅದೊಂದೇ ದಶಕ.

ಇವುಗಳಲ್ಲಿ ಯಾವುದು ಈ ಊರನ್ನು ಖಾಲಿ ಮಾಡಿತು ಎಂದು ಬೆರಳಿಟ್ಟು ಹೇಳುವ ಕಾಗದ ಕೈಗೆ ಸಿಗುವಂಥದ್ದಲ್ಲ, ಹಾಗೆ ಒಂದೇ ಕಾರಣ ಇರಬೇಕೆಂದೂ ಇಲ್ಲ. ಒಂದು ಚಿಕ್ಕ ಹಳ್ಳಿ ಬರಿದಾಗಲು ಎಲ್ಲರೂ ಸಾಯಬೇಕಾಗಿಲ್ಲ. ಬರದಲ್ಲಿ ನಾಲ್ಕು ಮನೆ ಹೋದವು, ಕಮ್ಮಾರ ಊರು ಬಿಟ್ಟ, ಕ್ಷೌರಿಕ ಬರುವುದನ್ನು ನಿಲ್ಲಿಸಿದ ಎಂದಾದರೆ ಉಳಿದವರಿಗೆ ನೇಗಿಲ ಗುಳ ಹಣಿಸಲು, ಮದುವೆ ಮಾಡಲು, ಹೆಣ ಹೊರಲು ಪಕ್ಕದ ಊರನ್ನೇ ನಂಬಬೇಕಾಗುತ್ತದೆ. ರಾತ್ರಿ ಚಿರತೆ ಬಂದರೆ, ದನ ಕದಿಯುವವರು ಬಂದರೆ ಕೂಗು ಕೇಳುವವರೂ ಇರಬೇಕು. ಒಂದು ಮಿತಿಗಿಂತ ಕೆಳಗಿಳಿದ ಹಳ್ಳಿಯಲ್ಲಿ ಕೊನೆಯ ಕೆಲವು ಮನೆಗಳು ತಾವಾಗಿಯೇ ಎದ್ದು ನಡೆಯುತ್ತವೆ. ಹೊಲ ಅಲ್ಲಿಯೇ ಇರುತ್ತದೆ. ಎರಡು ಮೈಲಿ ನಡೆದು ಬಂದು ಉಳಬಹುದು. ಸಾವು ಶುರುಮಾಡಿದ್ದನ್ನು ವಲಸೆ ಮುಗಿಸುತ್ತದೆ.

ಪಕ್ಕದ ಊರಿನಲ್ಲಿ ಇದಕ್ಕೆ ಸಾಕ್ಷಿಯಿದೆ. ಅಲ್ಲಿನ ಒಂದು ಕೇರಿಯ ಮನೆತನಗಳು ಇಂದಿಗೂ ಬೇಚರಾಕ್ ಊರಿನ ಹೆಸರಿನಿಂದಲೇ ಗುರುತಾಗುತ್ತವೆ. ಅವರ ಮನೆದೇವರು ಹುಣಸೆಮರಗಳ ನಡುವಿನ ಆ ಆಂಜನೇಯ. ಮದುವೆಯ ಮೊದಲ ಪತ್ರಿಕೆ ಅವನಿಗೇ ಹೋಗಬೇಕು. ಸುಣ್ಣ ಹೊಸದಾಗಿರುವ ಗುಟ್ಟು ಇದು. ಆ ಕೇರಿಯ ಹಿರಿಯರೊಬ್ಬರನ್ನು, ಯಾವ ಊರು ನಿಮ್ಮದು ಎಂದು ಕೇಳಿದೆ. “ಊರು ಅದೇ ಸ್ವಾಮಿ, ಮನೆ ಮಾತ್ರ ಇಲ್ಲಿ” ಎಂದರು. ಗಣತಿದಾರನ ನಮೂನೆಯಲ್ಲಿ ಈ ಉತ್ತರ ಬರೆಯಲು ಜಾಗವಿಲ್ಲ.

ಎಲ್ಲ ಸೊನ್ನೆಗಳೂ ಒಂದೇ ಬಗೆಯವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳಿವೆ. 1907ರಲ್ಲಿ ಮುಗಿದ ಮಾರಿಕಣಿವೆಯಿಂದ ಹಿಡಿದು ಶರಾವತಿಯ ಲಿಂಗನಮಕ್ಕಿ, ಕೃಷ್ಣೆಯ ಆಲಮಟ್ಟಿಯವರೆಗೆ ಒಂದೊಂದು ಜಲಾಶಯದ ಕೆಳಗೂ ಹಳ್ಳಿಗಳಿವೆ. ಭದ್ರಾ ಅಭಯಾರಣ್ಯದೊಳಗಿಂದ ಎಬ್ಬಿಸಿ ಲಕ್ಕವಳ್ಳಿ ಬಳಿಯ ಎಂ.ಸಿ. ಹಳ್ಳಿಗೆ ಸಾಗಿಸಿದ ಊರುಗಳಿವೆ. ಅಲ್ಲಿ ಜನರನ್ನು ತೆಗೆದದ್ದು ಸರಕಾರ. ದಿನಾಂಕವಿದೆ, ಪರಿಹಾರದ ಕಡತವಿದೆ. ನಮ್ಮ ಊರಿನದು ಆ ಜಾತಿಯದಲ್ಲ. ಇಲ್ಲಿ ಯಾರೂ ಯಾರನ್ನೂ ಎಬ್ಬಿಸಲಿಲ್ಲ, ಹಾಗಾಗಿ ಯಾರೂ ಬರೆದಿಡಲಿಲ್ಲ.

ಸೊನ್ನೆಯಿಂದ ಪಕ್ಕದ ಊರಿಗೆ ಆದ ಅನ್ಯಾಯ

ಜನ ಹೋದ ಮೇಲೂ ನಕ್ಷೆ ಉಳಿದದ್ದರಿಂದ ಒಂದು ವಿಚಿತ್ರ ಫಲ ಹುಟ್ಟಿದೆ. ಎರಡೂ ಗ್ರಾಮಗಳ ವಿಸ್ತೀರ್ಣ ಸಮ ಎಂದು ಇಟ್ಟುಕೊಳ್ಳೋಣ. ಒಂದರ ಜನಸಾಂದ್ರತೆ ಸೊನ್ನೆ, ಇನ್ನೊಂದರದು ಇರಬೇಕಾದದ್ದರ ಎರಡರಷ್ಟು. ದೊಡ್ಡ ಊರಿನ ಸಾಲನ್ನು ಮಾತ್ರ ಓದಿದವರಿಗೆ ಅಲ್ಲಿ ನೆಲಕ್ಕೆ ಮೀರಿ ಜನರಿದ್ದಾರೆ, ತಲೆಗೆ ಸಿಗುವ ಭೂಮಿ ತೀರ ಕಡಿಮೆ ಎಂದು ಕಾಣುತ್ತದೆ. ಅಷ್ಟು ಜನ ಸಾಗುವಳಿದಾರರು ಇಷ್ಟೇ ನೆಲದಲ್ಲಿ ಏನು ಬೆಳೆಯುತ್ತಾರೆ ಎಂಬ ಅನುಮಾನವೂ ಬರುತ್ತದೆ. ಎರಡು ಸಾಲುಗಳನ್ನು ಕೂಡಿಸಿದ ಕೂಡಲೇ ಗಂಟು ಬಿಚ್ಚಿಕೊಳ್ಳುತ್ತದೆ. ಹೊಟ್ಟೆ ಹೊರೆಯುವ ನೆಲ ಎರಡು ಗ್ರಾಮಗಳದು, ಮಲಗುವ ನೆಲ ಒಂದರದು.

ಬಯಲುಸೀಮೆಯ ಯಾವುದೇ ಹಳ್ಳಿಯ ಜನಸಂಖ್ಯೆಯನ್ನು ನೋಡುವವರು ಮೊದಲು ಆ ಹಳ್ಳಿಯ ಗಡಿಗೆ ಹೊಂದಿಕೊಂಡ ಬೇಚರಾಕ್ ಗ್ರಾಮಗಳನ್ನು ಪಟ್ಟಿಮಾಡಬೇಕು ಎಂದು ನಾನು ವಾದಿಸುವುದು ಇದಕ್ಕೇ. ಸಾಲು ತೆಗೆದುಹಾಕಿದವರಿಗೆ ಈ ಗಂಟು ಕಾಣುವುದೇ ಇಲ್ಲ.

ಸೊನ್ನೆ ಸುಳ್ಳಾಗುತ್ತಿರುವುದು

ಕೊಳವೆಬಾವಿ ಬಂದ ಮೇಲೆ ಲೆಕ್ಕ ತಿರುಗಿತು. ಮಳೆಯ ರಾಗಿಗೆ ಎರಡು ಮೈಲಿ ನಡೆದು ಬರಬಹುದು. ಅಡಿಕೆ ತೋಟಕ್ಕೆ, ಅದಕ್ಕಿಂತ ಹೆಚ್ಚಾಗಿ ರಾತ್ರಿ ಯಾವಾಗಲೋ ಬರುವ ತ್ರೀಫೇಸ್ ಕರೆಂಟಿಗೆ, ಪಕ್ಕದಲ್ಲಿಯೇ ಇರಬೇಕು. ಮೊದಲು ಮೋಟಾರಿಗೊಂದು ಪಂಪ್‌ಹೌಸ್ ಎದ್ದಿತು. ಅದಕ್ಕೆ ತಗಡಿನ ಇಳಿಜಾರು ಸೇರಿತು, ಒಂದು ಒಲೆ ಬಂತು, ದನದ ಕೊಟ್ಟಿಗೆ ಬಂತು. ಅಣ್ಣತಮ್ಮಂದಿರು ಪಾಲಾದಾಗ ಊರೊಳಗಿನ ಮನೆ ಅಣ್ಣನಿಗೆ ಹೋಯಿತು, ತಮ್ಮ ತೋಟದಲ್ಲಿ ಆರ್‌ಸಿಸಿ ಹಾಕಿಸಿದ. ರೈತ ತನ್ನ ಹಿಡುವಳಿಯಲ್ಲಿ ಸ್ವಂತ ಉಪಯೋಗಕ್ಕೆ ತೋಟದ ಮನೆ ಕಟ್ಟಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಹೀಗೆ ಒಂದೂ ಮನೆಯಿಲ್ಲದ ಗ್ರಾಮದಲ್ಲಿ, ಹಳೆಯ ಗ್ರಾಮಠಾಣಾದಲ್ಲಿ ಅಲ್ಲ, ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ದೀಪ ಹತ್ತಿತು.

ಇವರು ಯಾರು ಎಂದು ನೋಡಿದರೆ ಇದೊಂದು ಹಳ್ಳಿಯ ಜನಸಂಖ್ಯೆಯಂತೆ ಇಲ್ಲ. ಪಕ್ಕದ ದೊಡ್ಡ ಊರು ಮುದಿಯಾಗುತ್ತಿದೆ. ಹುಡುಗರು ಬೆಂಗಳೂರಿನಲ್ಲಿ, ಮನೆಯಲ್ಲಿ ತಂದೆತಾಯಿ. ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿತ್ತು, ಹಳ್ಳಿ ಶಾಲೆಯ ಹಾಜರಿ ಪುಸ್ತಕ ತೆಳ್ಳಗಾಗುತ್ತಿರುವುದರ ಹಿಂದೆ ಕಾನ್ವೆಂಟ್ ಬಸ್ಸಿನಷ್ಟೇ ಈ ಅಂಕಿಯ ಪಾಲೂ ಇದೆ. ತೋಟದ ಮನೆಗಳಲ್ಲಿ ಇರುವುದು ಮೂವತ್ತು ನಲವತ್ತರ ಆಸುಪಾಸಿನ ದಂಪತಿಗಳು, ಚಿಕ್ಕ ಮಕ್ಕಳು. ಮುದುಕರು ಆಸ್ಪತ್ರೆ, ಬಸ್ಸು, ಜಗಲಿ ಬಿಟ್ಟು ಬರಲು ಒಪ್ಪುವುದಿಲ್ಲ. ಹಾಗಾಗಿ ದುಡಿಯುವ ವಯಸ್ಸಿನವರೂ ಮಕ್ಕಳೂ ಇದ್ದು ಅಜ್ಜಿ ತಾತ ಇಲ್ಲದ ಒಂದು ವಿಚಿತ್ರ ವಯೋರಚನೆ.

ಇನ್ನೊಂದು ಗುಂಪಿದೆ. ತಾವು ಬೆಂಗಳೂರಿನಲ್ಲಿದ್ದು ತೋಟ ಇಟ್ಟುಕೊಂಡವರು ಅದನ್ನು ನೋಡಿಕೊಳ್ಳಲು ಇರಿಸಿದ ಕೂಲಿ ಕುಟುಂಬಗಳು. ದೂರದ ಜಿಲ್ಲೆಗಳಿಂದ, ಕೆಲವೊಮ್ಮೆ ಬೇರೆ ರಾಜ್ಯಗಳಿಂದ ಬಂದವರು. ಇವರ ವಾಸ ಪಂಪ್‌ಹೌಸಿನಲ್ಲಿ. ಇವರ ಪಡಿತರ ಚೀಟಿ, ಮತದಾರರ ಪಟ್ಟಿ, ಆಧಾರ್ ವಿಳಾಸ ಎಲ್ಲವೂ ಇನ್ನೆಲ್ಲೋ. ಒಂದು ತೋಟದಲ್ಲಿ ಎರಡು ವರ್ಷ, ಇನ್ನೊಂದರಲ್ಲಿ ಆರು ತಿಂಗಳು. ನನ್ನ ಅಂದಾಜಿನಲ್ಲಿ ಯಾವ ಲೆಕ್ಕಕ್ಕೂ ಸಿಗದೆ ಜಾರಿಕೊಳ್ಳುವವರು ಇವರೇ.

ಫೆಬ್ರುವರಿಯಲ್ಲಿ ಹೊಲ ಖಾಲಿಯಾದ ಮೇಲೆ ಕುರಿ ಮಂದೆಗಳೂ ಬರುತ್ತವೆ, ಗೊಬ್ಬರಕ್ಕಾಗಿ ಹೊಲದಲ್ಲಿ ತಂಗುತ್ತವೆ. ಜನಗಣತಿಯೂ ಫೆಬ್ರುವರಿಯದೇ: 2011ರಲ್ಲಿ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ಮನೆಯಿಲ್ಲದವರನ್ನು ಎಣಿಸಿದ್ದು 28ರ ರಾತ್ರಿ. ಊರಿನಲ್ಲಿ ಮನೆಯಿರುವ ಕುರಿಗಾಹಿಯನ್ನು ಹೆಂಡತಿ ಮಕ್ಕಳೊಂದಿಗೆ ಅಲ್ಲಿಯೇ ಬರೆದುಕೊಳ್ಳುತ್ತಾರೆ ಎಂದು ನಂಬೋಣ. ಅದು ದೊಡ್ಡ ವಿಷಯವಲ್ಲ.

ದೊಡ್ಡ ವಿಷಯ ತೋಟದ ಮನೆಗಳದು. ಗಣತಿದಾರರು ಬಹುತೇಕ ಶಾಲಾ ಶಿಕ್ಷಕರು. ಒಬ್ಬರಿಗೆ ಒಂದು ಬ್ಲಾಕ್, ಅದರಲ್ಲಿ ಸುಮಾರು ಆರೇಳು ನೂರು ಜನ. ಮೇಷ್ಟ್ರಿಗೆ ಊರೊಳಗಿನ ಮನೆಗಳು ಗೊತ್ತು. ತೋಟದಲ್ಲಿರುವ ತಮ್ಮನನ್ನು ಅಣ್ಣನ ಮನೆಯಲ್ಲಿಯೇ ವಿಚಾರಿಸಿ ಬರೆದುಕೊಂಡರೆ ರಾಜ್ಯದ ಲೆಕ್ಕದಲ್ಲಿ ಒಬ್ಬನೂ ತಪ್ಪುವುದಿಲ್ಲ; ತಪ್ಪುವುದು ಊರು. ಅವನ ತಲೆ ದೊಡ್ಡ ಊರಿನ ಸಾಲಿಗೆ ಬೀಳುತ್ತದೆ. ಹಿಂದಿನ ಸಲ ಜನರಿಲ್ಲ ಎಂದು ಬರೆದ ಗ್ರಾಮದಲ್ಲಿ ಈ ಸಲ ಕೆಸರು ತುಳಿದು ಮನೆ ಹುಡುಕುವ ಉತ್ಸಾಹ ಯಾರಿಗೆ ಬಂದೀತು? ಸೊನ್ನೆ ಸೊನ್ನೆಯನ್ನೇ ಹಡೆಯುತ್ತದೆ.

ಎಣಿಸಿದರೆ ಏನು, ಬಿಟ್ಟರೆ ಏನು

ತೋಟದ ಮನೆಯವರಲ್ಲಿ ಕೆಲವರು ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾರೆ. ಕೇಳಿದ್ದು ರಸ್ತೆ ಮತ್ತು ಬೀದಿದೀಪ. ಸಿಕ್ಕ ಉತ್ತರ, ಅಲ್ಲಿ ಜನವಸತಿ ಇಲ್ಲ ಎಂದು. ಉತ್ತರ ಕೊಟ್ಟವರನ್ನು ಬೈದು ಪ್ರಯೋಜನವಿಲ್ಲ, ಅವರ ಮುಂದಿರುವ ದಾಖಲೆ ಹಾಗೆಯೇ ಹೇಳುತ್ತದೆ. ಹಳ್ಳಿಗೆ ಬರುವ ಬಹುತೇಕ ಯೋಜನೆಗಳಿಗೆ ತಲೆ ಎಣಿಕೆಯೇ ಬಾಗಿಲು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶದಲ್ಲಿ 500 ಜನರಿರುವ ವಸತಿಯನ್ನು ನೋಡುತ್ತದೆ. ಆಶಾ ಕಾರ್ಯಕರ್ತೆ ಸಾವಿರ ಜನರಿಗೆ ಒಬ್ಬರು. ಪಂಚಾಯಿತಿ ಸದಸ್ಯರ ಸಂಖ್ಯೆ ನಿಗದಿಯಾಗುವುದು 400 ಜನರಿಗೊಬ್ಬರು ಎಂಬ ಲೆಕ್ಕದಲ್ಲಿ.

ಈ ಪ್ರಕರಣವನ್ನು ತಾಂಡಾಗಳ ಪ್ರಕರಣದ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಜನರಿದ್ದರು, ಗ್ರಾಮವಿರಲಿಲ್ಲ. ತಲೆಮಾರುಗಳಿಂದ ಲಂಬಾಣಿಗಳು ವಾಸವಿದ್ದರೂ ತಾಂಡಾ ಇನ್ನೊಂದು ಕಂದಾಯ ಗ್ರಾಮದ ಹೊಟ್ಟೆಯೊಳಗಿತ್ತು; ಮನೆಗೆ ಹಕ್ಕುಪತ್ರವಿರಲಿಲ್ಲ, ತಾಂಡಾದ್ದೇ ಆದ ಜನಸಂಖ್ಯೆಯೂ ಇರಲಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 1,475 ದಾಖಲೆರಹಿತ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಿಸುವವರೆಗೆ ಅಲ್ಲಿನ ಕಥೆ ಅದೇ. ನಮ್ಮ ಊರಿನದು ತದ್ವಿರುದ್ಧ. ಗ್ರಾಮ ಯಾವತ್ತಿನಿಂದಲೋ ಇದೆ. ಘೋಷಣೆ ಬೇಡ, ಗೆಜೆಟ್ ಬೇಡ, ಹೊಸ ಸರ್ವೆ ಬೇಡ. ಬೇಕಿರುವುದು ಒಬ್ಬ ಗಣತಿದಾರ ಮಾತ್ರ.

ಅದಕ್ಕೆ ಹೊತ್ತೂ ಬಂದಿದೆ. 2021ರಲ್ಲಿ ಆಗಬೇಕಿದ್ದು ಮುಂದೆ ಹೋದ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಗೊತ್ತುಮಾಡಲಾಗಿದೆ. ಮನೆಪಟ್ಟಿಯ ಹಂತಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ, ಎಣಿಕೆಗೆ 2027ರ ಫೆಬ್ರುವರಿ. ಈ ಸಲ ಕಾಗದವಿಲ್ಲ, ಮೊಬೈಲಿನಲ್ಲಿ ದಾಖಲು. ನಿರ್ಣಾಯಕವಾದದ್ದು ಮನೆಪಟ್ಟಿ. ಆ ಹಂತದಲ್ಲಿ ತೋಟದ ಮನೆಗಳು ಅವು ನಿಂತಿರುವ ಗ್ರಾಮದ ಹೆಸರಿನಲ್ಲಿ ಸೇರಿದರೆ ಫೆಬ್ರುವರಿಯಲ್ಲಿ ಜನರೂ ಅಲ್ಲಿಯೇ ಎಣಿಕೆಯಾಗುತ್ತಾರೆ. ಅಲ್ಲಿ ತಪ್ಪಿದರೆ ಇನ್ನೊಂದು ಗಣತಿಯವರೆಗೆ ಸೊನ್ನೆ ಗಟ್ಟಿ.

ದೊಡ್ಡ ಊರಿನ ಮುಖಂಡರಿಗೆ ಇದರಲ್ಲಿ ಅಷ್ಟು ಆಸಕ್ತಿಯಿಲ್ಲ. ನಾಲ್ಕು ತಲೆ ಆಚೆ ಹೋದರೆ ತಮ್ಮ ಊರಿನ ಲೆಕ್ಕ ಇಳಿಯುತ್ತದೆ ಎಂಬ ಕಸಿವಿಸಿ. ಎರಡೂ ಗ್ರಾಮ ಒಂದೇ ಪಂಚಾಯಿತಿಯಲ್ಲಿರುವುದರಿಂದ ಒಟ್ಟು ಸದಸ್ಯರ ಸಂಖ್ಯೆಗೆ ಇದರಿಂದ ಏನೂ ಆಗುವುದಿಲ್ಲ ಎಂದು ವಿವರಿಸಬಹುದು. ವಿವರಿಸಿದೆ ಕೂಡ. ಕಸಿವಿಸಿ ಹೋಗಲಿಲ್ಲ.

ಎಣಿಕೆಯಾದರೆ ಆ ಸಾಲು ಹೇಗಿರುತ್ತದೆ ಎಂಬುದೂ ಸ್ವಲ್ಪ ತಮಾಷೆಯ ವಿಷಯ. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳಿರುವ ಒಂದೇ ಕುಟುಂಬ ಊರೆಲ್ಲಕ್ಕೂ ಇದ್ದರೆ ಆ ಊರಿನ ಲಿಂಗಾನುಪಾತ, ಅಂದರೆ ಸಾವಿರ ಗಂಡಸರಿಗೆ ಇರುವ ಹೆಂಗಸರ ಲೆಕ್ಕ, 3,000. ರಾಜ್ಯದ್ದು 2011ರಲ್ಲಿ 973. ಹೆಣ್ಣುಮಕ್ಕಳ ಸ್ವರ್ಗ ಎಂದು ಯಾರಾದರೂ ವರದಿ ಬರೆದರೂ ಆಶ್ಚರ್ಯವಿಲ್ಲ. ಮುಂದಿನ ಗಣತಿಗೆ ಇನ್ನೊಂದು ಕುಟುಂಬ ಸೇರಿತೆಂದರೆ ದಶಕದ ಬೆಳವಣಿಗೆ ದರ ಶೇಕಡಾ ನೂರರ ಆಸುಪಾಸು. ಇಷ್ಟು ಚಿಕ್ಕ ಊರಿಗೆ ಶೇಕಡಾವಾರು ಲೆಕ್ಕ ಹಾಕಲೇಬಾರದು. ತಲೆಗಳನ್ನು ತಲೆಗಳಾಗಿಯೇ ಹೇಳಬೇಕು. ತಮಾಷೆಯಲ್ಲದ ಸಂಗತಿಯೂ ಒಂದಿದೆ. 1948ರ ಜನಗಣತಿ ಕಾಯ್ದೆಯ ಪ್ರಕಾರ ಮನೆಯವರು ಕೊಟ್ಟ ಮಾಹಿತಿ ಗೋಪ್ಯ. ಆದರೆ ಊರೆಲ್ಲ ಸೇರಿ ಮೂರೇ ಮನೆಯಿರುವಾಗ ಊರಿನ ಸಾಲೇ ಮನೆಯ ಮಾಹಿತಿ: ಯಾರು ಓದು ಬಾರದವರು, ಯಾರು ಯಾವ ಪಂಗಡದವರು, ಯಾರಿಗೆ ಆರು ತಿಂಗಳಿಗಿಂತ ಹೆಚ್ಚು ಕೆಲಸವಿಲ್ಲ ಎಂಬುದು ಕೋಷ್ಟಕದಲ್ಲಿಯೇ ಕಾಣುತ್ತದೆ.

ಇದನ್ನು ತೋಟದ ಮನೆಯೊಂದರ ಗೃಹಿಣಿಗೆ ಹೇಳಿದಾಗ ಅವರು ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. “ಬರೆದುಕೊಳ್ಳಲಿ ಬಿಡಿ ಅಣ್ಣಾ. ಬರೆದುಕೊಂಡರೆ ಇಲ್ಲಿಗೇ ಅಂಗನವಾಡಿ ಬರುತ್ತದೆಯೇ ಹೇಳಿ” ಎಂದರು. ಬರುವುದಿಲ್ಲ. ಪೂರ್ಣ ಅಂಗನವಾಡಿಗೆ ಕನಿಷ್ಠ 400 ಜನ, ಕಿರು ಅಂಗನವಾಡಿಗೂ 150 ಜನ ಇರಬೇಕೆಂಬುದು ಮಾನದಂಡ. ಅಲ್ಲಿ ಅದರ ಹತ್ತಿರಕ್ಕೂ ಸುಳಿಯುವಷ್ಟು ತಲೆಗಳಿಲ್ಲ. ರಸ್ತೆಯ ಅರ್ಜಿಯನ್ನು ಮಾತ್ರ ‘ಜನವಸತಿ ಇಲ್ಲ’ ಎಂಬ ಎರಡು ಪದಗಳಲ್ಲಿ ವಾಪಸು ಕಳಿಸಲು ಪಂಚಾಯಿತಿಗೆ ಆಮೇಲೆ ಆಗುವುದಿಲ್ಲ. ಬೇರೆ ಕಾರಣ ಹುಡುಕಬೇಕಾಗುತ್ತದೆ.